ದೊಡ್ಡಪ್ಪನ ಕಂಪ್ಯೂಟರ್ ಮತ್ತು ಎಂಟು ಚಿಪ್ಪಿನ ರ‍್ಯಾಮ್

ಹಳೇ ಕಂಪ್ಯೂಟರ್ ನಿಧಾನ ಆಗಿದೆ ಅಂತ ಯಾರ ಹತ್ತಿರ ಬೇಕಾದರೂ ಹೇಳಿ ನೋಡಿ, ಬರುವ ಉತ್ತರ ಒಂದೇ. "ರ‍್ಯಾಮ್ ಹಾಕಿಸಿ." ಎಷ್ಟು ಅಂತ ಕೇಳಿದರೆ "ಎಷ್ಟಾಗುತ್ತೋ ಅಷ್ಟು" ಅಂತಾರೆ. ಯಾವ ಥರದ್ದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ತಲೆಮಾರು ಡಿಡಿಆರ್3 ಅಂದರೆ ಡಿಡಿಆರ್3, 4 ಜಿಬಿ ಅಂದರೆ 4 ಜಿಬಿ, ಅದರಲ್ಲಿ ಇನ್ನೇನಿರುತ್ತೆ ಅನ್ನೋ ಭಾವನೆ. ಇನ್ನೂ ಒಂದು ವಿಷಯ ಇದೆ, ಅದು ಗೊತ್ತಿಲ್ಲದೆ ಎಷ್ಟೋ ಜನ ಸರಿಯಾಗಿರುವ ರ‍್ಯಾಮನ್ನು ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ, ಇನ್ನೆಷ್ಟೋ ಜನ ಸರಿಯಾಗಿರುವ ಬೋರ್ಡನ್ನು ಗುಜರಿಗೆ ಹಾಕುತ್ತಾರೆ.

ನಾನು ಹೇಳುತ್ತಿರುವ ಕಂಪ್ಯೂಟರ್ ಸಾಗರದ ಹತ್ತಿರದ ಹಳ್ಳಿಯಲ್ಲಿದೆ, ದೊಡ್ಡಪ್ಪನ ಮನೆಯಲ್ಲಿ. 2010ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿ, ರಾತ್ರಿ ಬಸ್ಸಿನಲ್ಲಿ ಮಾನಿಟರನ್ನು ತೊಡೆ ಮೇಲೆ ಇಟ್ಟುಕೊಂಡು ತಂದದ್ದು. ಪ್ರೊಸೆಸರಿಗೂ ಮೆಮೊರಿಗೂ ನಡುವೆ ಕೊಂಡಿಯಾಗುವ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಬೋರ್ಡ್, ಪೆಂಟಿಯಮ್ ಡ್ಯುಯಲ್ ಕೋರ್ ಇ5400, 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7. ಆ ಕಾಲಕ್ಕೆ ಮನೆಗೆ ಅದು ಧಾರಾಳ ಸಾಕಾಗಿತ್ತು.

ಹೊಸದು ತಗೊಳ್ಳಿ ಅಂತ ಹೇಳೋದು ಸುಲಭ. ಆದರೆ ದೊಡ್ಡಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ದೇವಸ್ಥಾನದ ಸಮಿತಿಯ ನಡಾವಳಿ, ಆಮಂತ್ರಣ ಪತ್ರಿಕೆ, ಮನೆತನದ ವಂಶವೃಕ್ಷ, ಎಲ್ಲವೂ ಹಳೇ ನುಡಿ ಫಾಂಟಿನಲ್ಲಿ ಇವೆ. ಯೂನಿಕೋಡ್ ಬರುವ ಮೊದಲಿನ ರೀತಿಯ ಬರಹ ಅದು. ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಬದಲಿಸುವ ತಂತ್ರಾಂಶಗಳಿವೆ, ಆದರೆ ಪೇಜ್‌ಮೇಕರ್‌ನಲ್ಲಿ ಕೂರಿಸಿದ ಪುಟಗಳನ್ನು ಹಾಗೆ ಬದಲಿಸಿ ಮತ್ತೆ ಜೋಡಿಸಲು ಯಾರಿಗೆ ಪುರುಸೊತ್ತು? ಮೇಲಾಗಿ "ಓಡ್ತಾ ಇದೆಯಲ್ಲ ಮಾರಾಯ, ಯಾಕೆ ಬಿಸಾಡೋದು" ಅನ್ನುವವರಿಗೆ ಉತ್ತರ ಕೊಡುವುದು ಕಷ್ಟ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 14 ಜನವರಿ 2020ಕ್ಕೆ. ಕ್ರೋಮ್ ಅದನ್ನು ಕೈಬಿಟ್ಟದ್ದು 2023ರ ಆರಂಭದಲ್ಲಿ, 109ನೇ ಆವೃತ್ತಿಯೇ ಕೊನೆ. ಇದು ಯಾವುದೂ ದೊಡ್ಡಪ್ಪನ ತಲೆಗೆ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಅವರ ದೂರು ಎರಡೇ: ಬ್ರೌಸರ್ ತೆರೆದರೆ ಎಲ್ಲ ಗಕ್ಕನೆ ನಿಲ್ಲುತ್ತದೆ, ಮತ್ತೆ ಕೆಲವು ದಿನ ಯಾವ ವೆಬ್‌ಸೈಟೂ ತೆರೆಯುವುದಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ಅವರ ಮಗ, ಇದನ್ನು ಫೋನಿನಲ್ಲಿ ಕೇಳಿ ಆನ್‌ಲೈನ್‌ನಲ್ಲಿ ಹೊಸ 4 ಜಿಬಿ ಡಿಡಿಆರ್3 ಸ್ಟಿಕ್ ತರಿಸಿ ಕೊರಿಯರ್ ಮಾಡಿದ್ದ. ನಾನು ಊರಿಗೆ ಹೋದಾಗ ಅದು ಟಿವಿ ಸ್ಟ್ಯಾಂಡಿನ ಮೇಲೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಕಾಯುತ್ತಿತ್ತು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಟಾಸ್ಕ್ ಮ್ಯಾನೇಜರ್ ನೋಡಿದೆ. ಇದನ್ನು ಎಲ್ಲರೂ ಮಾಡಬೇಕು, ಯಾರೂ ಮಾಡುವುದಿಲ್ಲ. ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದ ಕೂಡಲೇ ಮೆಮೊರಿ 90 ಪರ್ಸೆಂಟ್ ದಾಟಿತು. ಹಾರ್ಡ್ ಡಿಸ್ಕ್ ಲೈಟ್ ಆರದೆ ಹತ್ತಿಕೊಂಡೇ ಇತ್ತು. ರ‍್ಯಾಮಿನಲ್ಲಿ ಜಾಗ ಸಾಲದೆ ವಿಂಡೋಸ್ ಡಿಸ್ಕಿಗೆ ಎತ್ತಿ ಹಾಕುತ್ತಾ, ಮತ್ತೆ ಡಿಸ್ಕಿನಿಂದ ಎತ್ತಿ ತರುತ್ತಾ ಒದ್ದಾಡುತ್ತಿದೆ ಅಂತ ಅರ್ಥ. ಹಾಗಾಗಿ ಇಲ್ಲಿ ರ‍್ಯಾಮ್ ನಿಜಕ್ಕೂ ಕಡಿಮೆಯೇ ಇತ್ತು. ಮೆಮೊರಿ ಅರ್ಧವೂ ತುಂಬದೆ ಕಂಪ್ಯೂಟರ್ ಎಳೆಯುತ್ತಿದ್ದರೆ ರ‍್ಯಾಮ್ ಹಾಕಿಸಿ ಏನೂ ಸಿಗುವುದಿಲ್ಲ.

ಕ್ಯಾಬಿನೆಟ್ ಬಿಚ್ಚಿದರೆ ಮಲೆನಾಡಿನ ಮನೆಯ ಕ್ಯಾಬಿನೆಟ್ ಹೇಗಿರಬೇಕೋ ಹಾಗೆಯೇ ಇತ್ತು. ಜೇಡರ ಬಲೆ, ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು, ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿಯಷ್ಟು ದಪ್ಪದ ಧೂಳು. ಪವರ್ ಕಾರ್ಡ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿಕೊಂಡು ಕೆಲಸ ಶುರು. ಎರಡು ಸ್ಲಾಟ್, ಒಂದರಲ್ಲಿ ಹಳೇ 2 ಜಿಬಿ. ಖಾಲಿ ಸ್ಲಾಟಿನಲ್ಲಿ ಹೊಸದನ್ನು ಇಟ್ಟು ಒತ್ತಿದೆ, ಎರಡೂ ಕಡೆಯ ಬಿಳಿ ಕೊಕ್ಕೆ ಟಕ್ ಅಂತ ಕೂತವು. ಆನ್ ಮಾಡಿದರೆ ಫ್ಯಾನ್ ತಿರುಗಿತು, ಲೈಟ್ ಬಂತು, ಮಾನಿಟರ್ ಕಪ್ಪು. ಒಳಗಿನ ಪುಟ್ಟ ಸ್ಪೀಕರ್ ಉದ್ದುದ್ದ ಬೀಪ್ ಹೊಡೆಯತೊಡಗಿತು.

ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಹೇಳಿದರು, "ರಬ್ಬರಿನಲ್ಲಿ ಉಜ್ಜೋ. ಪೇಟೆಯ ಹುಡುಗ ಯಾವಾಗಲೂ ಅದನ್ನೇ ಮಾಡೋದು."

ನಮ್ಮ ದೇಶದ ಕಂಪ್ಯೂಟರ್ ರಿಪೇರಿಯ ಮೊದಲ ಮಂತ್ರ ಇದು. ನಗಬೇಡಿ, ಬಹಳ ಸಲ ಕೆಲಸ ಮಾಡುತ್ತದೆ. ಸ್ಟಿಕ್ಕಿನ ಕೆಳ ಅಂಚಿನಲ್ಲಿರುವ ಕಾಂಟ್ಯಾಕ್ಟ್‌ಗಳ ಮೇಲೆ ಇರುವುದು ಬಹಳ ತೆಳುವಾದ ಚಿನ್ನದ ಲೇಪ. ಮಳೆಗಾಲದಲ್ಲಿ ಪುಸ್ತಕ, ಚಪ್ಪಲಿ, ಹಪ್ಪಳದ ಡಬ್ಬಿ ಯಾವುದನ್ನೂ ಬಿಡದ ಥಂಡಿ ಅದನ್ನು ಮಾತ್ರ ಬಿಟ್ಟೀತಾ? ಕೊಳೆ, ಜಿಡ್ಡು ಕೂತು ಒಂದೆರಡು ಪಿನ್ನಿಗೆ ಸಂಪರ್ಕ ತಪ್ಪಿದರೂ ಸಾಕು, ಯಂತ್ರ ಏಳುವುದಿಲ್ಲ. ಬಿಳಿ ಮೆತ್ತನೆಯ ರಬ್ಬರಿನಲ್ಲಿ ಹಗುರಾಗಿ ಒರೆಸಿ, ಚೂರು ಕೊಡವಿ, ಸ್ಲಾಟಿನ ಒಳಗೆ ಒಣ ಬ್ರಷ್ ಆಡಿಸಿದರೆ ಆಯಿತು. ಇಂಕ್ ಅಳಿಸುವ ಒರಟು ರಬ್ಬರ್ ಮಾತ್ರ ಬೇಡ, ಅದು ಲೇಪವನ್ನೇ ಕೆರೆಯುತ್ತದೆ. ನಾನೂ ಉಜ್ಜಿದೆ. ಬೀಪ್ ನಿಲ್ಲಲಿಲ್ಲ. ಆದರೆ ರಬ್ಬರಿನಲ್ಲಿ ಸರಿಹೋಗದಿದ್ದಾಗ "ಬೋರ್ಡ್ ಹೋಗಿದೆ" ಅಂತ ಹೇಳಿಬಿಡುವುದು ಇದೆಯಲ್ಲ, ನನ್ನ ತಕರಾರು ಅಲ್ಲಿಂದ ಶುರು. ಮಂತ್ರಕ್ಕೂ ತೀರ್ಪಿಗೂ ನಡುವೆ ಮಾಡಬೇಕಾದದ್ದು ಬಹಳ ಇದೆ.

ಮೊದಲು ಹಳೇ ಸ್ಟಿಕ್ ಒಂದನ್ನೇ ಹಾಕಿದೆ, ಆನ್ ಆಯಿತು. ಅದನ್ನೇ ಎರಡನೇ ಸ್ಲಾಟಿಗೆ ಬದಲಿಸಿದೆ, ಅಲ್ಲೂ ಆಯಿತು. ಹಾಗಾದರೆ ಎರಡೂ ಸ್ಲಾಟ್ ಜೀವಂತ. ಹೊಸದನ್ನು ಒಂಟಿಯಾಗಿ ಎರಡೂ ಕಡೆ ಹಾಕಿ ನೋಡಿದೆ, ಎರಡೂ ಕಡೆ ಬೀಪ್. ತಪ್ಪು ಹೊಸ ಸ್ಟಿಕ್ಕಿನದು, ಇಲ್ಲವೇ ಸ್ಟಿಕ್ಕಿಗೂ ಬೋರ್ಡಿಗೂ ಆಗಿಬರುತ್ತಿಲ್ಲ.

ನಡುವೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಸಲ ಆನ್ ಆದಾಗಲೂ ತಾರೀಖು 2009ಕ್ಕೆ ಹೋಗುತ್ತಿತ್ತು. ಬೋರ್ಡಿನ ಮೇಲಿನ ಸಿಮಾಸ್ ಬ್ಯಾಟರಿ, ಅದೇ ಬಿಲ್ಲೆಯಾಕಾರದ ಸಿಆರ್2032, ಸತ್ತಿತ್ತು. ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ಇರಬೇಕಾದಲ್ಲಿ ಎರಡರ ಹತ್ತಿರವೂ ಇಲ್ಲ. ದೊಡ್ಡಪ್ಪ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ಗನ್ನೇ ಕಿತ್ತಿಡುತ್ತಾರೆ. ನಮ್ಮ ಕಡೆ ಅದು ಸರಿಯಾದ ಅಭ್ಯಾಸವೇ, ಒಂದು ಸಿಡಿಲಿಗೆ ಊರಿನ ಅರ್ಧ ಮೋಡೆಮ್‌ಗಳು ಹೋದದ್ದನ್ನು ನೋಡಿದ್ದೇವೆ. ಆದರೆ ಪ್ಲಗ್ ಕಿತ್ತಿದ್ದಷ್ಟು ಹೊತ್ತೂ ಗಡಿಯಾರ ನಡೆಯುವುದು ಆ ಬಿಲ್ಲೆಯ ಬಲದಲ್ಲೇ, ಹಾಗಾಗಿ ಅದು ಬೇಗ ಮುಗಿಯುತ್ತದೆ. ಗಡಿಯಾರ 2009ಕ್ಕೆ ಹೋದರೆ ಬ್ರೌಸರಿಗೆ ವೆಬ್‌ಸೈಟುಗಳ ಭದ್ರತಾ ಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲದ ಹಾಗೆ ಕಾಣುತ್ತವೆ, "ಈ ಸಂಪರ್ಕ ಸುರಕ್ಷಿತ ಅಲ್ಲ" ಅಂತ ಬಾಗಿಲು ಹಾಕುತ್ತದೆ. "ಯಾವ ವೆಬ್‌ಸೈಟೂ ತೆರೆಯಲ್ಲ" ಅನ್ನುವ ದೂರಿನ ಮೂಲ ಇದು. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಒಂದು ಬಿಲ್ಲೆ, ಅರ್ಧ ಸಮಸ್ಯೆ ಮುಗಿಯಿತು. ಬ್ಯಾಟರಿ ತೆಗೆದಾಗ ಬಯೋಸಿನ, ಅಂದರೆ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶದ, ಹಳೇ ಸೆಟ್ಟಿಂಗುಗಳೂ ಅಳಿಸಿ ಹೋಗುತ್ತವೆ, ರ‍್ಯಾಮ್ ಗುರುತಿಸದಿದ್ದಾಗ ಅದೂ ಒಂದು ಚಿಕಿತ್ಸೆ. ಇಲ್ಲಿ ಅದರಿಂದಲೂ ಬೀಪ್ ಹೋಗಲಿಲ್ಲ.

ಹೊಸ ಸ್ಟಿಕ್ಕನ್ನು ಜೇಬಿಗೆ ಹಾಕಿಕೊಂಡು ಸಾಗರ ಪೇಟೆಯ ಸ್ನೇಹಿತನ ಆಫೀಸಿಗೆ ಹೋದೆ. ಅಲ್ಲಿದ್ದದ್ದು ಎಚ್61 ಬೋರ್ಡ್, ಅದೂ ಡಿಡಿಆರ್3, ಆದರೆ ಮುಂದಿನ ತಲೆಮಾರು. ಹಾಕಿದ ಕೂಡಲೇ 4096 ಎಂಬಿ ಅಂತ ತೋರಿಸಿತು. ಪೆನ್‌ಡ್ರೈವಿನಲ್ಲಿದ್ದ ಮೆಮ್‌ಟೆಸ್ಟ್ ಅನ್ನುವ ಮೆಮೊರಿ ಪರೀಕ್ಷೆ ಓಡಿಸಿ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬರುವಷ್ಟರಲ್ಲಿ ಒಂದು ಸುತ್ತು ಮುಗಿದಿತ್ತು, ಒಂದೂ ಎರರ್ ಇಲ್ಲ. ಸ್ಟಿಕ್ ಚೆನ್ನಾಗಿದೆ. ಬೋರ್ಡೂ ಚೆನ್ನಾಗಿದೆ. ಜೋಡಿ ಮಾತ್ರ ಹೊಂದುತ್ತಿಲ್ಲ.

ಉತ್ತರ ಸ್ಟಿಕ್ಕಿನ ಮೈಮೇಲೇ ಇತ್ತು. ಹಳೇ 2 ಜಿಬಿ ಸ್ಟಿಕ್ಕಿಗೆ ಎರಡೂ ಬದಿಯಲ್ಲಿ ಎಂಟೆಂಟು ಕಪ್ಪು ಚಿಪ್. ಹೊಸ 4 ಜಿಬಿಗೆ ಒಂದೇ ಬದಿಯಲ್ಲಿ ಎಂಟು, ಹಿಂದೆ ತಿರುಗಿಸಿದರೆ ಬೋಳು. ಲೇಬಲ್ಲಿನಲ್ಲಿ 1ಆರ್‌ಎಕ್ಸ್8 ಅಂತ ಸಣ್ಣ ಅಕ್ಷರ. ಒಂದು ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದೇ ಗುಂಪು, ಪ್ರತಿ ಚಿಪ್ 8 ಬಿಟ್ ಅಗಲ (ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ) ಅಂತ ಅದರ ಅರ್ಥ. ಲೆಕ್ಕ ಹಾಕಿ: 4 ಜಿಬಿ ಅಂದರೆ 32 ಗಿಗಾಬಿಟ್. ಎಂಟು ಚಿಪ್ಪಿಗೆ ಹಂಚಿದರೆ ತಲಾ 4 ಗಿಗಾಬಿಟ್. ಅದೇ 4 ಜಿಬಿಯನ್ನು ಹದಿನಾರು ಚಿಪ್ಪಿಗೆ ಹಂಚಿದರೆ ತಲಾ 2 ಗಿಗಾಬಿಟ್. ಜಿ41ಗೆ ಎರಡನೆಯದು ಅರ್ಥ ಆಗುತ್ತದೆ, ಮೊದಲನೆಯದು ಆಗುವುದಿಲ್ಲ.

ಯಾಕೆ ಅಂದರೆ, ಚಿಪ್ಪಿನೊಳಗೆ ಮಾಹಿತಿ ಇರುವುದು ಸಾಲು ಮತ್ತು ಕಂಬಗಳಲ್ಲಿ. ಇಷ್ಟನೇ ಸಾಲು, ಇಷ್ಟನೇ ಕಂಬ ಅಂತ ಚಿಪ್‌ಸೆಟ್ ವಿಳಾಸ ಕಳಿಸಬೇಕು. 8 ಬಿಟ್ ಅಗಲದ 2 ಗಿಗಾಬಿಟ್ ಚಿಪ್ಪಿನ ಸಾಲುಗಳನ್ನು ಹೇಳಲು 15 ಬಿಟ್ ಸಾಕು. 4 ಗಿಗಾಬಿಟ್ ಚಿಪ್ಪಿಗೆ 16 ಬೇಕು. 2008ರಲ್ಲಿ ಬಂದ ಜಿ41ಗೆ ಆ ಹದಿನಾರನೆಯದರ ಲೆಕ್ಕವೇ ಇಲ್ಲ, ಆಗ ಮನೆ ಕಂಪ್ಯೂಟರುಗಳಿಗೆ ಅಂಥ ಚಿಪ್ ಬರುತ್ತಲೂ ಇರಲಿಲ್ಲ. ಐದೇ ಅಂಕಿಯ ಮೀಟರ್ ಇರುವ ಹಳೇ ಸ್ಕೂಟರಿಗೆ ಲಕ್ಷ ಕಿಲೋಮೀಟರ್ ತೋರಿಸು ಅಂದ ಹಾಗೆ. ಇಂಟೆಲ್ ಹೇಳಿದ್ದು ಒಟ್ಟು 8 ಜಿಬಿ ತನಕ ಹಾಕಬಹುದು ಅಂತ. ಸುಳ್ಳಲ್ಲ, ಹಾಕಬಹುದು. ಯಾವ ಚಿಪ್ಪಿನ 8 ಜಿಬಿ ಅನ್ನುವುದನ್ನು ಬೋರ್ಡಿನ ಡಬ್ಬಿಯ ಮೇಲೆ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ ಅಷ್ಟೇ.

ಡಿಡಿಆರ್2 ಸ್ಟಿಕ್ಕನ್ನು ಡಿಡಿಆರ್3 ಸ್ಲಾಟಿಗೆ ಹಾಕಲು ಹೋದರೆ ಕೆಳಗಿನ ಕಚ್ಚು ಜಾಗ ಬದಲಾಗಿರುವುದರಿಂದ ಕೂರುವುದೇ ಇಲ್ಲ, ಎರಡಕ್ಕೂ 240 ಪಿನ್ನೇ ಇದ್ದರೂ. ಅಂಥ ಅಡ್ಡಗಟ್ಟೆ ಇಲ್ಲಿ ಇಲ್ಲ. ಚೆನ್ನಾಗಿ ಕೂರುತ್ತದೆ, ಕೊಕ್ಕೆಯೂ ಹಾಕಿಕೊಳ್ಳುತ್ತದೆ, ಆಮೇಲೆ ಬೀಪ್. ವೇಗದ ವಿಷಯದಲ್ಲಿ ಈ ತೊಂದರೆ ಇಲ್ಲ. ಜಿ41ರ ಅಧಿಕೃತ ಮಿತಿ 1066, ನೀವು 1600ರ ಸ್ಟಿಕ್ ಹಾಕಿದರೂ ತಾನೇ ತಗ್ಗಿ ಓಡುತ್ತದೆ. ಅದಕ್ಕೇ ವೇಗಕ್ಕೆ ಜಾಸ್ತಿ ದುಡ್ಡು ಕೊಡುವುದು ವ್ಯರ್ಥ.

ಬೆಂಗಳೂರಿಗೆ ಬಂದ ಮೇಲೆ ಎಸ್.ಪಿ. ರೋಡಿಗೆ ಹೋದೆ. ಅಲ್ಲಿಯ ಹಳಬರಿಗೆ ಇದೆಲ್ಲ ವಿವರಿಸಬೇಕಾಗಿಲ್ಲ. "ಜಿ41ಗೆ 4 ಜಿಬಿ ಬೇಕು" ಅಂದೆ. "ಡಬಲ್ ಸೈಡಾ ಸಾರ್" ಅಂತ ಅವರೇ ಕೇಳಿ, ಟ್ರೇ ತುಂಬ ಸೆಕೆಂಡ್‌ಹ್ಯಾಂಡ್ ಸ್ಟಿಕ್ ತಂದು ಮುಂದಿಟ್ಟರು. ಕಂಪನಿಗಳು ಒಟ್ಟಿಗೆ ಮಾರಿದ ಹಳೇ ಡೆಸ್ಕ್‌ಟಾಪುಗಳಿಂದ ಬಿಚ್ಚಿದ್ದು. ತಲಾ ಐನೂರರ ಆಸುಪಾಸು, ಟೆಸ್ಟಿಂಗ್ ವಾರಂಟಿ ಮಾತ್ರ. ಎಐ ಸರ್ವರುಗಳ ಹಸಿವಿಗೆ 2025ರ ಕೊನೆಯಿಂದ ಹೊಸ ಮೆಮೊರಿಯ ಬೆಲೆ ಏರಿದ ಮೇಲೆ ಇಂಥ ಟ್ರೇಗಳ ಸುತ್ತ ಜನ ಸೇರುವುದರಲ್ಲಿ ಆಶ್ಚರ್ಯ ಇಲ್ಲ.

ಎರಡೂ ಬದಿಗೆ ಚಿಪ್ ಇದೆ ಅಂದ ಮಾತ್ರಕ್ಕೆ ಎತ್ತಿಕೊಳ್ಳಬೇಡಿ. ಹದಿನಾರು ಚಿಪ್ ಇದ್ದೂ ಜಿ41ಗೆ ಆಗದ ಇನ್ನೊಂದು ಜಾತಿ ಇದೆ, "ಎಎಂಡಿ ಬೋರ್ಡಿಗೆ ಮಾತ್ರ" ಅಂತ ಆನ್‌ಲೈನ್‌ನಲ್ಲಿ ಬಹಳ ಸೋವಿಗೆ ಮಾರುತ್ತಾರಲ್ಲ, ಅದು. ಅದರ ಚಿಪ್‌ಗಳು 4 ಬಿಟ್ ಅಗಲದವು. ಎಷ್ಟೋ ಎಎಂಡಿ ಪ್ರೊಸೆಸರುಗಳು ಅದನ್ನು ಓದುತ್ತವೆ, ಇಂಟೆಲ್‌ನ ಮನೆಬಳಕೆಯ ಬೋರ್ಡುಗಳು ಓದುವುದಿಲ್ಲ. ಲೇಬಲ್ ನಂಬುವ ಹಾಗಿಲ್ಲ, ಅಂಟಿಸಿದ್ದು ಯಾರೋ. ಚಿಪ್ಪಿನ ಮೇಲೆ ಕೆತ್ತಿದ ನಂಬರ್ ಓದಬೇಕು. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಕ್ಯಾಮೆರಾದಲ್ಲಿ ದೊಡ್ಡದು ಮಾಡಿದರೆ ಬೂದು ಬಣ್ಣದ ಅಕ್ಷರ ಏಳುತ್ತದೆ. ನನ್ನ ಕೈಗೆ ಸಿಕ್ಕಿದ್ದರಲ್ಲಿ ಇದ್ದದ್ದು ಸ್ಯಾಮ್‌ಸಂಗ್ ಚಿಪ್, ಕೆ4ಬಿ2ಜಿ0846. ನಡುವಿನ 2ಜಿ ಅಂದರೆ 2 ಗಿಗಾಬಿಟ್, ಅದರ ಪಕ್ಕದ 08 ಅಂದರೆ 8 ಬಿಟ್ ಅಗಲ. ಅಲ್ಲಿ 4ಜಿ ಇದ್ದಿದ್ದರೂ ಬೇಡ, 04 ಇದ್ದಿದ್ದರೂ ಬೇಡ. ಹೈನಿಕ್ಸ್ ಆದರೆ ಎಚ್5ಟಿಕ್ಯೂ2ಜಿ83 ಅಂತ ಇರುತ್ತದೆ, ಅದರಲ್ಲೂ 2ಜಿ ಹುಡುಕಿ. ಒಂದೇ ಥರದ ಎರಡು ಸ್ಟಿಕ್ ಆರಿಸಿ ತಂದೆ. ಅಣ್ಣ ತರಿಸಿದ್ದ ಸ್ಟಿಕ್ ಸಾಗರದ ಸ್ನೇಹಿತನ ಎಚ್61ರಲ್ಲೇ ಉಳಿಯಿತು, ಅವನು ದುಡ್ಡೂ ಕೊಟ್ಟ.

ಮುಂದಿನ ಸಲ ಊರಿಗೆ ಹೋದಾಗ ಎರಡನ್ನೂ ಕೂರಿಸಿದೆ. ಒಂದು ಸಣ್ಣ ಬೀಪ್, ಬಯೋಸಿನಲ್ಲಿ 8192. ಆದರೂ ರಾತ್ರಿಯಿಡೀ ಮೆಮ್‌ಟೆಸ್ಟ್ ಹಾಕಿಟ್ಟೆ, ಯಾಕೆಂದರೆ ಸೆಕೆಂಡ್‌ಹ್ಯಾಂಡ್ ಮಾಲು. ಈ ಥರದ ಮೆಮೊರಿಯಲ್ಲಿ ಪ್ರತಿ ಬಿಟ್ ನಿಂತಿರುವುದು ಒಂದು ಸೂಕ್ಷ್ಮ ಕೆಪಾಸಿಟರಿನ ಚಾರ್ಜಿನ ಮೇಲೆ. ಅದು ಸೋರುತ್ತಲೇ ಇರುತ್ತದೆ, ಹಾಗಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಸಾಲನ್ನೂ ಮತ್ತೆ ತುಂಬಬೇಕು. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿದ ಈ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರಿನ ಕೋಶವೇ ಇವತ್ತಿನ ತನಕ ನಡೆದು ಬಂದಿದೆ. ಯಾವುದೋ ಒಂದು ಕೋಶ ಸ್ವಲ್ಪ ಬೇಗ ಸೋರಿದರೂ ಕಂಪ್ಯೂಟರ್ ನಿಲ್ಲಲೇಬೇಕು ಅಂತಿಲ್ಲ, ಸುಮ್ನೆ ಒಂದು ಫೈಲಿನಲ್ಲಿ ಒಂದು ಅಕ್ಷರ ಬದಲಾಗಬಹುದು. ವಂಶವೃಕ್ಷ ಇರುವ ಕಂಪ್ಯೂಟರಿನಲ್ಲಿ ಅದು ಬೇಡ ಅಲ್ವಾ? ನಡುರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕಿರುಚಿ ಟೆಸ್ಟ್ ಅರ್ಧಕ್ಕೆ ನಿಂತಿತು, ಬೆಳಿಗ್ಗೆ ಮತ್ತೆ ಹಾಕಿದೆ. ಎರರ್ ಇರಲಿಲ್ಲ.

ವಿಂಡೋಸ್ ತೆರೆದು ದೊಡ್ಡಪ್ಪನಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಎಂಟು ಹಾಕಿದೀನಿ ಅಂತೀಯ. ಬಳಸಬಹುದಾದದ್ದು ಮೂರೂಕಾಲು ಅಂತಿದೆಯಲ್ಲೋ ಇದು?"

ಅವರು ಹೇಳಿದ್ದು ಸರಿ. 32 ಬಿಟ್ ವಿಂಡೋಸ್ 7ಗೆ 4 ಜಿಬಿಯ ಆಚೆ ವಿಳಾಸ ಇಲ್ಲ. ಆ ನಾಲ್ಕರಲ್ಲೂ ಗ್ರಾಫಿಕ್ಸ್, ನೆಟ್‌ವರ್ಕ್, ಇತರ ಸಾಧನಗಳಿಗೆ ಒಂದಷ್ಟು ಜಾಗ ಮೀಸಲು. ಎಂಎಸ್‌ಕಾನ್ಫಿಗ್ ತೆರೆದು "ಮ್ಯಾಕ್ಸಿಮಮ್ ಮೆಮೊರಿ"ಗೆ ಟಿಕ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ಇರುವುದು ಮಿತಿ ಹಾಕಲು, ಮಿತಿ ತೆಗೆಯಲು ಅಲ್ಲ. ಟಿಕ್ ಇದ್ದರೆ ತೆಗೆಯಿರಿ.

64 ಬಿಟ್ ವಿಂಡೋಸ್ ಹಾಕಿದರೆ ಪೂರ್ತಿ ಸಿಗುತ್ತದೆ, ಪ್ರೊಸೆಸರ್ 64 ಬಿಟ್‌ನದ್ದೇ. ಆದರೆ ದೊಡ್ಡಪ್ಪನ ಹಳೇ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇಲ್ಲ. ನುಡಿ, ಪೇಜ್‌ಮೇಕರ್, ಪ್ರಿಂಟರ್, ಮೂರೂ ಈಗ ಹೊಂದಿಕೊಂಡು ಕೂತಿವೆ, ಆ ಸಂಸಾರವನ್ನು ಒಡೆಯುವ ಧೈರ್ಯ ಬರಲಿಲ್ಲ. ಹಳೇ ಡಿಸ್ಕನ್ನು ಹಾಗೇ ಬಿಟ್ಟು, ಅದರಲ್ಲಿ ಇಂಟರ್ನೆಟ್ ಆಫ್ ಮಾಡಿ, ಪಕ್ಕದಲ್ಲಿ 240 ಜಿಬಿಯ, ತಿರುಗುವ ಭಾಗವಿಲ್ಲದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿ ಸೇರಿಸಿ ಅದಕ್ಕೆ 64 ಬಿಟ್ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಬರವಣಿಗೆ ಬೇಕಾದಾಗ ವಿಂಡೋಸ್, ನೆಟ್ ಬೇಕಾದಾಗ ಮಿಂಟ್. ಬೂಟ್ ಮೆನುವಿನ ಹೆಸರುಗಳನ್ನು "ಬರೆಯಲು", "ನೋಡಲು" ಅಂತ ಬದಲಿಸೋಣ ಅಂದುಕೊಂಡರೆ ಆ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡಲಿಲ್ಲ, ಮೇಲಿನದು ಕೆಳಗಿನದು ಅಂತ ಹೇಳಿಕೊಟ್ಟೆ.

ಖರ್ಚಿನ ಲೆಕ್ಕದಲ್ಲಿ ಯಾವುದರಿಂದ ಹೆಚ್ಚು ಸುಖ ಸಿಕ್ಕಿತು ಅಂತ ಕೇಳಿದರೆ, ಮೊದಲು ಬ್ಯಾಟರಿ, ಆಮೇಲೆ ಎಸ್‌ಎಸ್‌ಡಿ, ಆಮೇಲೇ ರ‍್ಯಾಮ್. ಆ ಬೋರ್ಡಿನ ಡಿಸ್ಕ್ ಸೇರಿಸುವ ಹಳೇ ಸಾಟಾ ಪೋರ್ಟಿನಲ್ಲಿ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ, ಆದರೂ ತಿರುಗುವ ಡಿಸ್ಕಿನ ಮುಂದೆ ಅದು ಎಷ್ಟೋ ವಾಸಿ. ಇಷ್ಟೆಲ್ಲ ಆದ ಮೇಲೂ ಯಕ್ಷಗಾನದ ವಿಡಿಯೋವನ್ನು 1080ರಲ್ಲಿ ಹಾಕಿದರೆ ಭಾಗವತರ ಧ್ವನಿ ಸರಾಗ ಬರುತ್ತದೆ, ವೇಷ ಮಾತ್ರ ತಡೆದು ತಡೆದು ಕುಣಿಯುತ್ತದೆ. ಇವತ್ತಿನ ವಿಡಿಯೋ ಬಿಚ್ಚುವ ಯಂತ್ರಾಂಶ ಆ ಬೋರ್ಡಿನ ಗ್ರಾಫಿಕ್ಸಿನಲ್ಲಿ ಇಲ್ಲ, ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಅದಕ್ಕೆ ಎಷ್ಟು ರ‍್ಯಾಮ್ ಸುರಿದರೂ ಉಪಯೋಗ ಇಲ್ಲ. ಸದ್ಯ 480ಕ್ಕೆ ಇಳಿಸಿ ನೋಡುತ್ತಿದ್ದಾರೆ.

ಅದೇ ಸಾಕೆಟ್ಟಿಗೆ ಕೂರುವ ಕ್ವಾಡ್ ಕೋರ್ ಕ್ಯೂ8400 ಹಾಕಿದರೆ ಹೇಗೆ ಅಂತ ಅಣ್ಣ ಈಗ ಫೋನಿನಲ್ಲಿ ಕೇಳುತ್ತಿದ್ದಾನೆ. ಈಗಿರುವುದು 65 ವ್ಯಾಟ್, ಅದು 95. ಆರ್ಡರ್ ಮಾಡುವ ಮೊದಲು ಬೋರ್ಡಿನ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ನೋಡಬೇಕು, 2010ರ ಪವರ್ ಸಪ್ಲೈ ತಡೆಯುತ್ತದಾ ಅದನ್ನೂ ನೋಡಬೇಕು. ಅಲ್ಲಿಯ ತನಕ ಏನೂ ತರಿಸಬೇಡ ಅಂತ ಹೇಳಿದ್ದೇನೆ.